ಎರಡು ಮಡಚೋ ಕುರ್ಚಿ ಮತ್ತು ಪಾವಗಡ

ಬಹಳ ದಿನ ಆಯ್ತು ಏನೂ ಬರೆದು. ರಿಲೀಸು, ಪ್ರೊಡಕ್ಷನ್ ಇಶ್ಯೂ, ಮತ್ತೆ ರಿಲೀಸು... ಅದನ್ನೆಲ್ಲ ಬರೆದ್ರೆ ನೀವು ಓದಲ್ಲ ಬಿಡಿ. ಸಂಕ್ರಾಂತಿ ಕಳೆದ ಮೇಲೆ ಬಂದ ಭಾನುವಾರ ಅಪ್ಪ ಅಮ್ಮನ್ನ ಕಾರಲ್ಲಿ ಕೂರಿಸ್ಕೊಂಡು ಒಂದಿಡೀ ದಿನ ಸುತ್ತಿದೆ. ಅದನ್ನ ಬರೀಲೇಬೇಕು ಅನ್ನಿಸ್ತು.

ಶುರು ಮಾಡೋಕೆ ಮುಂಚೆ ಕುರ್ಚಿ ವಿಷಯ ಹೇಳ್ಬೇಕು. 2022ರಲ್ಲಿ ಎಂಟು ತಿಂಗಳು ಆನ್‌ಸೈಟ್ ಅಂತ ಅರಿಜೋನಾದ ಫೀನಿಕ್ಸ್‌ನಲ್ಲಿದ್ದೆ. ಒಂದು ಲಾಂಗ್ ವೀಕೆಂಡ್ ರೂಮ್‌ಮೇಟ್‌ಗಳ ಜೊತೆ ಗ್ರ್ಯಾಂಡ್ ಕ್ಯಾನ್ಯನ್ ನೋಡೋಕೆ ಹೋದ್ವಿ. ಕ್ಯಾನ್ಯನ್ ದೊಡ್ಡದು ಅಂತ ಎಲ್ಲರಿಗೂ ಗೊತ್ತು, 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಆಳ. ಮೇದರ್ ಪಾಯಿಂಟ್‌ನಲ್ಲಿ ಕಂಬಿ ಹಿಡ್ಕೊಂಡು ನಿಂತ್ರೆ ಬಾಯಿಂದ ಮಾತು ಹೊರಡಲ್ಲ, ನಿಜ. ಆದ್ರೆ ನಂಗೆ ಇವತ್ತಿಗೂ ನೆನಪಿರೋದು ಅಲ್ಲಿನ ಮುದುಕ ಮುದುಕಿಯರು. ಆರ್‌ವಿ ಅಂತಾರಲ್ಲ, ಒಳಗೇ ಅಡಿಗೆಮನೆ, ಮಂಚ, ಬಚ್ಚಲು ಎಲ್ಲ ಇರೋ ಬಸ್ಸಿನಂಥ ಗಾಡಿ, ಅದನ್ನ ಎಪ್ಪತ್ತರ ಅಜ್ಜ ಓಡಿಸ್ಕೊಂಡು ಬರೋದು. ಒಂದು ವ್ಯೂ ಪಾಯಿಂಟ್‌ನಲ್ಲಿ ನಿಲ್ಸೋದು, ಎರಡು ಮಡಚೋ ಕುರ್ಚಿ ತೆಗೆದು ಹಾಕೋದು, ಫ್ಲಾಸ್ಕಿಂದ ಕಾಫಿ ಬಗ್ಗಿಸ್ಕೊಂಡು ಅರ್ಧ ಗಂಟೆ ಸುಮ್ಮನೆ ಕೂರೋದು. ಆಮೇಲೆ ಕುರ್ಚಿ ಮಡಚಿ ಮುಂದಿನ ಪಾಯಿಂಟು. ನಾವು ಹುಡುಗ್ರು ಫೋಟೋ ತೆಗೆದು ತೆಗೆದು ಸುಸ್ತಾಗ್ತಿದ್ವಿ. ಅವರು ಮೊಬೈಲೇ ತೆಗೀತಿರ್ಲಿಲ್ಲ.

ಅವತ್ತು ಅಂದ್ಕೊಂಡೆ, ನಮ್ಮಪ್ಪ ಅಮ್ಮ ಹೀಗೆ ಇಬ್ಬರೇ ಅಕ್ಕಪಕ್ಕ ಕೂತಿದ್ದನ್ನ ನಾನು ಯಾವತ್ತಾದ್ರೂ ನೋಡಿದೀನಾ? ಮದುವೆ ಮನೆ ಊಟದ ಪಂಕ್ತಿಯಲ್ಲೂ ಅಪ್ಪ ಗಂಡಸರ ಸಾಲು, ಅಮ್ಮ ಬಡಿಸೋ ಸಾಲು.

ಅಪ್ಪ ಮೇಷ್ಟ್ರು. ಎರಡು ವರ್ಷದ ಹಿಂದೆ ರಿಟೈರ್ ಆದ್ರು. ಹೊರಗಿನವರಿಗೆ ಗೊತ್ತಿರಲ್ಲ, ಮಧುಗಿರಿ ಅನ್ನೋದು ತಾಲ್ಲೂಕು ಕೇಂದ್ರ ಮಾತ್ರ ಅಲ್ಲ, ಒಂದು ಶೈಕ್ಷಣಿಕ ಜಿಲ್ಲೆ ಕೂಡ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿದ್ದು. ಅಪ್ಪನ ಇಡೀ ಸರ್ವೀಸು ಈ ನಾಲ್ಕರೊಳಗೇ ಮುಗೀತು. ಮೊದಲು ಶಿರಾ ತಾಲ್ಲೂಕು, ಆಮೇಲೆ 1998ರಿಂದ 2006ರವರೆಗೆ ಎಂಟು ವರ್ಷ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ಒಂದು ಹಳ್ಳಿ, ಆಮೇಲೆ ಕೊರಟಗೆರೆ, ಕಡೆಗೆ ಮಧುಗಿರಿ. ಮನೆ ಮಾತ್ರ ಮಧುಗಿರಿಯಲ್ಲೇ. ಪಾವಗಡದ ಎಂಟು ವರ್ಷ ಅಪ್ಪ ಅಲ್ಲೇ ರೂಮು ಮಾಡ್ಕೊಂಡಿದ್ರು. ಶನಿವಾರ ಸಾಯಂಕಾಲ ಬರೋದು, ಸೋಮವಾರ ಬೆಳಗಿನ ಜಾವ ಹೊರಡೋದು. ಅಮ್ಮ ಒಂದು ಸಲವೂ ಆ ಊರು ನೋಡಿರ್ಲಿಲ್ಲ. ಪ್ರತಿ ಬೇಸಿಗೆ ರಜಕ್ಕೂ "ಈ ಸಲ ಕರ್ಕೊಂಡ್ ಹೋಗ್ತೀನಿ" ಅಂತ ಅಪ್ಪ ಹೇಳೋರು. ಬಿಸಿಲು, ಬಸ್ಸು, ನನ್ನ ಜ್ವರ, ಅಕ್ಕನ ಪರೀಕ್ಷೆ, ಏನೋ ಒಂದು.

ಈ ಸಲ ನಾನು ಊರಿಗೆ ಹೋಗಿದ್ದಕ್ಕೆ ನಂದೇ ಒಂದು ಗುಟ್ಟಿನ ಕಾರಣ ಇತ್ತು. ಕಳೆದ ವರ್ಷ ಅಪ್ಪಂಗೆ ಎದೆನೋವು ಬಂದು ಒಂದು ಸ್ಟೆಂಟ್ ಹಾಕಿದಾರೆ. ಮಂಡಿ ಮೊದಲೇ ಹೋಗಿದೆ. ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟ್ ನೋಡಿದ್ದೆ, 11ನೇ ಮಹಡಿ, ಕೆರೆ ಕಾಣುತ್ತೆ, ಲಿಫ್ಟು ಇದೆ, ಆಸ್ಪತ್ರೆ ಹತ್ತಿರ. ಮಧುಗಿರಿ ಮನೆ ಮಾರಿ ಇಬ್ಬರೂ ನನ್ ಜೊತೆ ಬಂದುಬಿಡಿ ಅಂತ ಹೇಳೋದು. ಬಣ್ಣಬಣ್ಣದ ಬ್ರೋಷರ್ರು ಕಾರಿನ ಗ್ಲವ್ ಬಾಕ್ಸಲ್ಲಿತ್ತು. ಸುತ್ತಾಡಿಸಿ, ಖುಷಿಪಡಿಸಿ, ಸಾಯಂಕಾಲ ಮೆತ್ತಗೆ ತೆಗೆಯೋದು ಅಂತ ಪ್ಲಾನು. ಡಿಕ್ಕಿಯಲ್ಲಿ ಆನ್‌ಲೈನಲ್ಲಿ ತರಿಸಿದ ಎರಡು ಮಡಚೋ ಕುರ್ಚಿ. ಅಮ್ಮ ಕುರ್ಚಿ ನೋಡಿ "ಯಾವ್ದಾದ್ರೂ ಶಾಮಿಯಾನದವರ ಹತ್ರ ಬಾಡಿಗೆ ತಂದ್ಯಾ?" ಅಂದ್ಲು.

ಅಮ್ಮನ ಪ್ಯಾಕಿಂಗ್ ಮುಂದೆ ಅಮೆರಿಕದ ಆರ್‌ವಿ ಏನೂ ಅಲ್ಲ ಬಿಡಿ. ಚಿತ್ರಾನ್ನ, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರು, 20 ಲೀಟರ್ ನೀರಿನ ಕ್ಯಾನು, ಚಾಪೆ, ಅಪ್ಪನ ಮಾತ್ರೆ ಡಬ್ಬಿ, ಫ್ಲಾಸ್ಕು, ಒಂದು ಚೀಲ ಬೇಯಿಸಿದ ಕಡಲೆಕಾಯಿ. ಪಾವಗಡಕ್ಕೆ ಹೋಗೋರು ಕಡಲೆಕಾಯಿ ತಗೊಂಡು ಹೋಗ್ತಾರಾ ಅಂದ್ರೆ, "ಅಲ್ಲಿ ಮಳೆ ಬಂದಿದ್ರೆ ತಾನೇ ಕಡಲೆಕಾಯಿ" ಅಂದ್ಲು.

ಬೆಳಿಗ್ಗೆ ಆರೂವರೆಗೆ ಹೊರಟ್ವಿ. ಊರು ದಾಟಿದ ಮೇಲೆ ಅಪ್ಪ "ಸ್ವಲ್ಪ ನಿಲ್ಸು" ಅಂದ್ರು. ಹಿಂದೆ ತಿರುಗಿ ನೋಡಿದ್ರೆ ಮಧುಗಿರಿ ಬೆಟ್ಟ. ಹುಟ್ಟಿದಾಗಿಂದ ನೋಡಿರೋ ಬೆಟ್ಟ, ಆದ್ರೆ ಆ ಬೆಳಕಲ್ಲಿ ಬೇರೆ ಥರ ಇತ್ತು. ಒಂದೇ ಕಲ್ಲು, ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಅಂತ ನಮ್ಮೂರಿನ ಪ್ರತಿ ಮಗುವೂ ಹೇಳುತ್ತೆ (ಮೊದಲನೇದು ಯಾವುದು ಅಂತ ಕೇಳಬೇಡಿ, ಅದು ಸಿಲಬಸ್ಸಲ್ಲಿಲ್ಲ :) ). ನಾನು ಗ್ರ್ಯಾಂಡ್ ಕ್ಯಾನ್ಯನ್ ಕಥೆ ಶುರು ಮಾಡಿದೆ. ಅದರ ತಳದಲ್ಲಿರೋ ಕಲ್ಲಿಗೆ 175 ಕೋಟಿ ವರ್ಷ ವಯಸ್ಸು ಅಂತ. ಅಪ್ಪ ವಿಜ್ಞಾನದ ಮೇಷ್ಟ್ರು, ಬಿಡ್ತಾರಾ? "ಇದು ಕ್ಲೋಸ್‌ಪೇಟೆ ಗ್ರಾನೈಟು ಕಣೋ. 250 ಕೋಟಿ ವರ್ಷ. ರಾಮನಗರದಿಂದ ಹಿಡಿದು ನಮ್ಮ ಮಧುಗಿರಿ, ಪಾವಗಡ ಎಲ್ಲ ದಾಟಿ ಹೋಗುತ್ತೆ. ನಿಂದು ಮೊಮ್ಮಗ" ಅಂದ್ರು. ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು. ಆಮೇಲೆ ಅವರು ಹೇಳಿದ್ದು ನಂಗೆ ಇಷ್ಟ ಆಯ್ತು. ಅಲ್ಲಿ ನದಿ ನೆಲ ಕೊರೆದು ಹಳ್ಳ ಮಾಡ್ತು, ಮೇಲೆ ನಿಂತು ಕೆಳಗೆ ನೋಡ್ಬೇಕು. ಇಲ್ಲಿ ಸುತ್ತಲಿನ ನೆಲವೇ ಸವೆದುಹೋಯ್ತು, ಸವೆಯದೇ ಇದ್ದಿದ್ದು ಬೆಟ್ಟ ಆಯ್ತು. ಹಾಗಾಗಿ ಇಲ್ಲಿ ಕೆಳಗೆ ನಿಂತು ಮೇಲೆ ನೋಡೋದು. ಮಂಡಿ ನೋವಿನವರಿಗೆ ನಮ್ಮದೇ ವಾಸಿ.

ಹಾಗೇ ಚರಿತ್ರೆನೂ ಶುರುವಾಯ್ತು. 1763ರಲ್ಲಿ ಹೈದರಾಲಿ ಬಿದನೂರು ಗೆದ್ದು ಕೆಳದಿಯ ರಾಣಿ ವೀರಮ್ಮಾಜಿಯನ್ನ ಇದೇ ಕೋಟೆಯಲ್ಲಿ ಸೆರೆ ಇಟ್ಟಿದ್ದ, 1767ರಲ್ಲಿ ಮರಾಠರು ಬಂದು ಬಿಡಿಸಿದ್ರು ಅಂತ. ಹಿಂದಿನ ಸೀಟಿಂದ ಅಮ್ಮ: "ಅವಳು ನಾಕು ವರ್ಷ. ನಾನು ಎಂಟು ವರ್ಷ ಇದೇ ಬೆಟ್ಟದ ಕೆಳಗೆ ಎರಡು ಮಕ್ಳು ಇಟ್ಕೊಂಡಿದ್ದೆ, ಬಿಡಿಸ್ಕೊಂಡ್ ಹೋಗೋಕೆ ಯಾವ ಮರಾಠನೂ ಬರ್ಲಿಲ್ಲ."

ಕಾರಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ.

ಮಿಡಿಗೇಶಿಯಲ್ಲಿ ಮೊದಲ ಸಲ ಕುರ್ಚಿ ತೆಗೆದೆ. ಕೋಟೆ ಬೆಟ್ಟ ಎದುರಿಗೇ, ಬಿಸಿಲು ಇನ್ನೂ ಎಳೇದು. ಹಿಮ್ಮಡಿ ಮುಟ್ಟೋ ಕೂದಲಿದ್ದ ಹೆಂಗಸಿನಿಂದ ಊರಿಗೆ ಆ ಹೆಸರು ಬಂತು ಅನ್ನೋ ಕಥೆ ಅಮ್ಮಂಗೂ ಗೊತ್ತಿತ್ತು. ಆದ್ರೆ ಕುರ್ಚಿ ಮೇಲೆ ಕೂರೋಕೆ ಇಬ್ಬರೂ ಒಪ್ಲಿಲ್ಲ. ರಸ್ತೆ ಬದಿ ಕುರ್ಚಿ ಹಾಕ್ಕೊಂಡು ಕೂತ್ರೆ ನೋಡಿದವರು ಏನಂತಾರೆ! ನಾನೊಬ್ಬನೇ ಕೂತೆ. ಹಾಲಿನ ಗಾಡಿಯವನು ನಿಲ್ಸಿ "ಏನ್ಸಾರ್, ಸರ್ವೇನಾ?" ಅಂತ ಕೇಳಿ ಹೋದ.

ಅಲ್ಲಿಂದ ಮುಂದೆ ಮಡಕಶಿರಾ. ಪಾವಗಡದ ವಿಚಿತ್ರ ಇದು, ಕರ್ನಾಟಕದ ತಾಲ್ಲೂಕಿಗೆ ಹೋಗೋಕೆ ಆಂಧ್ರದೊಳಗೆ ನುಗ್ಗಿ ಹೊರಗೆ ಬರ್ಬೇಕು. ಬೋರ್ಡುಗಳು ತೆಲುಗಾಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡ. ವಾರಕ್ಕೆರಡು ಸಲದ ಲೆಕ್ಕದಲ್ಲಿ ಎಂಟು ವರ್ಷಕ್ಕೆ ಎಷ್ಟು ಸಲ ರಾಜ್ಯ ದಾಟಿರ್ಬಹುದು ಅಂತ ಅಪ್ಪ ಬಾಯಲ್ಲೇ ಗುಣಿಸೋಕೆ ಶುರು ಮಾಡಿದ್ರು. ಪಾವಗಡದಲ್ಲಿ ಶನಿಮಹಾತ್ಮನ ಗುಡಿಗೆ ಕೈಮುಗಿದು, ಕೋಟೆ ಬೆಟ್ಟವನ್ನ ಕೆಳಗಿಂದಲೇ ನೋಡಿ, ನಾಗಲಮಡಿಕೆ ಕಡೆ ತಿರುಗಿದ್ವಿ.

ನಾಗಲಮಡಿಕೆಯ ಸುಬ್ರಹ್ಮಣ್ಯನನ್ನ ಅಂತ್ಯ ಸುಬ್ರಹ್ಮಣ್ಯ ಅಂತಾರೆ. ಕುಕ್ಕೆ ಆದಿ, ಘಾಟಿ ಮಧ್ಯ, ಇದು ಅಂತ್ಯ. ಪಕ್ಕದಲ್ಲೇ ಉತ್ತರ ಪಿನಾಕಿನಿ. ನಾವು ಹೋದಾಗ ಮರಳೇ ಜಾಸ್ತಿ. ಆಂಧ್ರದ ಗಂಡಿಕೋಟ ಗೊತ್ತಲ್ಲ, ಕೆಂಪು ಬಂಡೆಗಳ ಮಧ್ಯೆ ನದಿ ಹರಿಯೋದು, ಭಾರತದ ಗ್ರ್ಯಾಂಡ್ ಕ್ಯಾನ್ಯನ್ ಅಂತ ನಮ್ಮ ಆಫೀಸಿನವರೆಲ್ಲ ಹೋಗಿ ಡಿಪಿ ಹಾಕ್ಕೋತಾರಲ್ಲ? ಅದನ್ನ ಕೊರೆದಿದ್ದು ಇದೇ ನದಿ. ನಂದಿ ಬೆಟ್ಟದ ಕಡೆ ಹುಟ್ಟಿ, ಗೌರಿಬಿದನೂರು ದಾಟಿ, ಹಿಂದೂಪುರದ ಕಡೆ ನಮ್ಮ ಜಯಮಂಗಲಿಯನ್ನೂ ಸೇರಿಸ್ಕೊಂಡು, ಪಾವಗಡ ತಾಲ್ಲೂಕು ಮುಟ್ಟಿ ಆಮೇಲೆ ಗಂಡಿಕೋಟಕ್ಕೆ ಹೋಗೋ ಪೆನ್ನಾರ್. ಅಪ್ಪ ಮರಳಿನ ಕಡೆ ಕೈ ತೋರಿಸಿ, "ಕೊರೆದಿದ್ದು ಇದೇ. ಅಲ್ಲಿ ಹೋಗಿ ಫೋಟೋ ತೆಗೀತೀರಾ, ಇಲ್ಲಿ ಯಾರೂ ತಿರುಗಿ ನೋಡಲ್ಲ" ಅಂದ್ರು.

ಇನ್ನು ಅಪ್ಪನ ಊರು. ಹೆಸರು ಬೇಡ ಬಿಡಿ. ಶಾಲೆಗೆ ಹೊಸ ಬಣ್ಣ ಹೊಡೆದಿದಾರೆ, ಭಾನುವಾರ ಬೀಗ. ಅಪ್ಪ ಇದ್ದ ರೂಮು ಶಾಲೆ ಹಿಂದಿನ ಬೀದಿಯಲ್ಲಿ ಒಂದು ಮನೆಗೆ ಅಂಟಿಕೊಂಡಿದ್ದು. ಈಗ ಸೌದೆ ತುಂಬಿದಾರೆ. ಅಮ್ಮ ಬಾಗಿಲಲ್ಲಿ ನಿಂತು ಒಳಗೆ ನೋಡಿದ್ಲು. ಎಂಟಡಿ ಹತ್ತಡಿ ಇರ್ಬಹುದು. ಒಂದು ಕಿಟಕಿ, ಗೋಡೆಯಲ್ಲಿ ಎರಡು ಮೊಳೆ. "ಇಷ್ಟೇನಾ?" ಅಂದ್ಲು. ಆಮೇಲೆ ಸೌದೆ ಸರಿಸಿ ಒಳಗೆ ಹೋಗಿ, ಒಲೆ ಎಲ್ಲಿತ್ತು, ಹಾಸಿಗೆ ಎಲ್ಲಿ, ನೀರಿನ ಕೊಡ ಎಲ್ಲಿ ಅಂತ ಒಂದೊಂದಾಗಿ ಕೇಳಿದ್ಲು. ಅಪ್ಪ ಹೊರಗೆ ನಿಂತೇ ಉತ್ತರ ಹೇಳಿದ್ರು, ವೈವಾ ಕೊಡೋ ಹುಡುಗನ ಥರ.

ಮನೆ ಅಜ್ಜಿ ಬಂದ್ರು. "ಬಾಗುನ್ನಾರಾ ಸಾರ್?" ಅಂತ ಶುರುವಾಗಿ, ಅಮ್ಮನ್ನ ನೋಡಿ ಕನ್ನಡಕ್ಕೆ ತಿರುಗಿದ್ರು. ಕಾಫಿ ಆಯ್ತು, ಸಾರ್ ಮುದ್ದೆ ಕಟ್ಟೋಕೆ ಬರ್ದೇ ಒದ್ದಾಡಿದ್ದು ಆಯ್ತು. ಆಮೇಲೆ ಅಜ್ಜಿ ಆ ವಿಷಯ ಎತ್ತಿದ್ರು.

2005ರ ಫೆಬ್ರವರಿ. ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಕೆಎಸ್‌ಆರ್‌ಪಿ ಪೊಲೀಸರು ಶಾಲೆಯಲ್ಲಿ ಬೀಡುಬಿಟ್ಟಿದ್ರು. ರಾತ್ರಿ ನಕ್ಸಲರು ದಾಳಿ ಮಾಡಿ ಪೊಲೀಸರನ್ನ ಕೊಂದರು. ನಿಮಗೂ ನೆನಪಿರ್ಬಹುದು, ಪೇಪರ್ ತುಂಬಾ ಅದೇ ಇತ್ತು. ನಾನಾಗ ಮೂರನೇ ಕ್ಲಾಸು. ನಂಗೆ ನೆನಪಿರೋದು ಟಿವಿಯಲ್ಲಿ "ಪಾವಗಡ ತಾಲ್ಲೂಕಿನ ಶಾಲೆ" ಅಂದ ತಕ್ಷಣ ಅಮ್ಮ ಎದ್ದು ನಿಂತಿದ್ದು. ಅದು ಅಪ್ಪನ ಊರಲ್ಲ ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಆ ಶನಿವಾರ ಅಮ್ಮ ನನ್ನ ಕೈ ಹಿಡ್ಕೊಂಡು ಮಧುಗಿರಿ ಬಸ್ ಸ್ಟ್ಯಾಂಡಲ್ಲಿ ರಾತ್ರಿ ಒಂಬತ್ತೂವರೆವರೆಗೂ ನಿಂತಿದ್ಲು. ಪಾವಗಡದ ಒಂದೊಂದು ಬಸ್ಸಿಂದಲೂ ಜನ ಇಳಿದ್ರು, ಅಪ್ಪ ಇಳೀಲಿಲ್ಲ. ನಂಗೆ ಒಂದಾದ ಮೇಲೊಂದು ಕಡಲೆ ಮಿಠಾಯಿ ಕೊಡಿಸ್ತಾನೇ ಇದ್ಲು. ಅಪ್ಪ ಬಂದಿದ್ದು ಮುಂದಿನ ಶನಿವಾರ. "ಬಸ್ ಇರ್ಲಿಲ್ಲ" ಅಂದ್ರು, ಅಷ್ಟೇ. ಅಮ್ಮ ಅದನ್ನ ಇಪ್ಪತ್ತು ವರ್ಷ ಇಟ್ಕೊಂಡಿದ್ಲು. ಜಗಳ ಯಾವ ವಿಷಯಕ್ಕೇ ಶುರುವಾಗ್ಲಿ, ಕಡೆಗೆ "ಫೋನಾದ್ರೂ ಮಾಡಿಸ್ಬಾರ್ದಿತ್ತಾ" ಅನ್ನೋದಕ್ಕೇ ಬಂದು ನಿಲ್ತಿತ್ತು.

ಅಜ್ಜಿ ಹೇಳಿದ್ದು: "ಶನಿವಾರ ಬಸ್ ಬಂತಮ್ಮ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಸಾರ್ ಹತ್ಲಿಲ್ಲ." ಸ್ಕೂಲಿಗೇ ಬಂದು ಕೊಂದಿದ್ದು ಅಂತ ಊರಲ್ಲಿ ಯಾರೂ ಮಕ್ಕಳನ್ನ ಸ್ಕೂಲ್ ಬಿಲ್ಡಿಂಗಿಗೆ ಕಳಿಸೋಕೆ ತಯಾರಿರ್ಲಿಲ್ಲವಂತೆ. ಅಪ್ಪ ಶನಿವಾರ ಭಾನುವಾರ ಮನೆಮನೆಗೆ ಹೋಗಿ ಮಾತಾಡಿ, ಸೋಮವಾರದಿಂದ ಬೀದಿಯ ಬೇವಿನ ಮರದ ಕೆಳಗೆ ಬೋರ್ಡು ಇಟ್ಟು ಪಾಠ ಮಾಡಿದ್ರಂತೆ. ಒಂದು ವಾರ. ಮುಂದಿನ ಶನಿವಾರ ಮಕ್ಕಳು ತಾವೇ ಬೋರ್ಡು ಹೊತ್ಕೊಂಡು ಹೋಗಿ ಕ್ಲಾಸಲ್ಲಿ ಇಟ್ರಂತೆ. ಅಜ್ಜಿ ಹೊಗಳೋಕೆ ಅಂತಲೇ ಹೇಳ್ತಿದ್ರು ಪಾಪ. ಅಪ್ಪ ಕನ್ನಡಕ ತೆಗೆದು ಪಂಚೆ ತುದೀಲಿ ಒರೆಸ್ತಾ ಇದ್ರು. ಅಮ್ಮ ಕಾಫಿ ಲೋಟ ಕೆಳಗಿಟ್ಟು, "ಬೇವಿನ ಮರ ಯಾವ್ದು?" ಅಂದ್ಲು. ಕಡಿದುಬಿಟ್ಟಿದಾರೆ, ರಸ್ತೆ ಅಗಲ ಮಾಡೋವಾಗ.

ಊರ ಹೊರಗೆ ಒಂದು ಸಣ್ಣ ದಿಣ್ಣೆ ಇದೆ, ಕಾರು ಅರ್ಧದವರೆಗೆ ಹೋಗುತ್ತೆ. ಅಲ್ಲಿಗೆ ಹೋಗಿ ಊಟ ಮಾಡೋಣ ಅಂತ ಅಪ್ಪನೇ ಅಂದ್ರು. ಸಾಯಂಕಾಲ ವಾಲೀಬಾಲ್ ಆದ್ಮೇಲೆ ಅವರು ಹುಡುಗ್ರ ಜೊತೆ ಬಂದು ಕೂರ್ತಿದ್ದ ಜಾಗ ಅದು. ಮೇಲೆ ಹತ್ತಿ ತಿರುಗಿದ ಅಮ್ಮ, "ಅಯ್ಯೋ ಶಿವನೇ, ಪಾವಗಡಕ್ಕೆ ಇಷ್ಟೊಂದು ನೀರು ಯಾವಾಗ ಬಂತು?" ಅಂದ್ಲು.

ನಿಜ ಹೇಳ್ತೀನಿ, ನಂಗೂ ಒಂದು ಕ್ಷಣ ಕೆರೆ ಅನ್ನಿಸ್ತು. ಕಣ್ಣು ಹಾಯೋವರೆಗೂ ಕಪ್ಪು ನೀಲಿ, ಬಿಸಿಲಿಗೆ ಅಲೆ ಥರ ಹೊಳೀತಾ. ನೀರಲ್ಲ, ಸೋಲಾರ್ ಪ್ಯಾನೆಲ್ಲು. ತಿರುಮಣಿ ಸುತ್ತಮುತ್ತ ಐದು ಊರಿನ 13,000 ಎಕರೆಯಲ್ಲಿ 2,050 ಮೆಗಾವಾಟಿನ ಪಾರ್ಕು. 'ಶಕ್ತಿ ಸ್ಥಳ' ಅಂತ ಹೆಸರಿಟ್ಟು 2018ರ ಮಾರ್ಚಲ್ಲಿ ಉದ್ಘಾಟನೆ ಮಾಡಿದ್ರು, 2019ರ ಕೊನೆಗೆ ಪೂರ್ತಿ ಆಯ್ತು. ಜಮೀನನ್ನ ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿರೋದು. ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈ ಸುಟ್ಕೊಳ್ತಿದ್ದ ಸೀಮೆಗೆ ಇದು ಸಣ್ಣ ವಿಷಯ ಅಲ್ಲ. ಆದ್ರೆ ಅಪ್ಪ ಬೇರೇನೋ ಹುಡುಕ್ತಿದ್ರು. "ಅಲ್ಲಿ ಆ ಮೂಲೆಯಿಂದ ಒಬ್ಬ ಹುಡುಗ ಬರ್ತಿದ್ದ, ಜಮೀನಿಲ್ಲ, ಅವರಪ್ಪ ಅಮ್ಮ ಬೇರೆಯವರ ಹೊಲದಲ್ಲಿ ಕೂಲಿ. ಗುತ್ತಿಗೆ ದುಡ್ಡು ಹೊಲ ಇದ್ದವರಿಗೆ ಬರುತ್ತೆ. ಅವರು ಏನ್ ಮಾಡ್ತಿದಾರೋ" ಅಂದ್ರು. ನಾನು ಮೆಗಾವಾಟ್ ಲೆಕ್ಕ ಹೇಳೋದನ್ನ ಅಲ್ಲಿಗೇ ನಿಲ್ಸಿದೆ.

ಊಟಕ್ಕೆ ಅಮ್ಮ ಅವಳಾಗಿಯೇ ಕುರ್ಚಿ ಕೇಳಿದ್ಲು. ನೋಡೋರು ಯಾರೂ ಇರ್ಲಿಲ್ಲ, ಅದಕ್ಕೇ ಇರ್ಬೇಕು. ಇಬ್ಬರೂ ಅಕ್ಕಪಕ್ಕ ಕೂತು ಚಿತ್ರಾನ್ನ ತಿಂದ್ರು. ನಾನು ಚಾಪೆ ಮೇಲೆ.

ವಾಪಸ್ ಬರೋವಾಗ ಮಡಕಶಿರಾವರೆಗೂ ಅಮ್ಮ ಮಾತಾಡ್ಲಿಲ್ಲ. ಮಲಗಿದಾಳೆ ಅಂದ್ಕೊಂಡೆ. ಇದ್ದಕ್ಕಿದ್ದಂತೆ ಹಿಂದಿಂದ, "ಬಸ್ ಇತ್ತಂತಲ್ಲ" ಅಂದ್ಲು.

ಅಪ್ಪ ಕಿಟಕಿ ಕಡೆ ನೋಡ್ತಾ ಇದ್ರು. ಬಹಳ ಹೊತ್ತಾದ್ಮೇಲೆ, "ಅಲ್ಲಿಗೇ ವಾಪಸ್ ಹೋಗ್ಬೇಕಿತ್ತಲ್ಲ, ನಿಜ ಹೇಳಿದ್ರೆ ನೀನು ಕಳಿಸ್ತಿರ್ಲಿಲ್ಲ" ಅಂದ್ರು.

"ಕಳಿಸ್ತಿರ್ಲಿಲ್ಲ" ಅಂದ್ಲು ಅಮ್ಮ. ಸ್ವಲ್ಪ ತಡೆದು, "ಮರ ಕಡೀಬಾರ್ದಿತ್ತು" ಅಂತ ಸೇರಿಸಿದ್ಲು.

ನಾನು ರಸ್ತೆ ನೋಡ್ಕೊಂಡು ಗಾಡಿ ಓಡಿಸ್ತಿದ್ದೆ. ಇಂಥ ಹೊತ್ತಲ್ಲಿ ಡ್ರೈವರ್ ಆಗಿರೋದು ಒಳ್ಳೇದು.

ಮಧುಗಿರಿ ಬಂದಾಗ ನಾಲ್ಕೂವರೆ. ಇಳೀತಾರೆ ಅಂದ್ಕೊಂಡ್ರೆ ಇಳೀಲಿಲ್ಲ, "ಕೊರಟಗೆರೆ ಕಡೆ ಹೊಡಿ" ಅಂದ್ಲು ಅಮ್ಮ. ಗೊರವನಹಳ್ಳಿ ಲಕ್ಷ್ಮಿಗೆ ಕೈಮುಗಿದು ಹತ್ತಿರದ ತೀತಾ ಜಲಾಶಯಕ್ಕೆ ಹೋದ್ವಿ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿಯನ್ನ ಇಲ್ಲಿ ಕಟ್ಟೆ ಕಟ್ಟಿ ನಿಲ್ಸಿದಾರೆ. ಈ ಸಲ ನಿಜವಾದ ನೀರು. ದೂರದಲ್ಲಿ ಬೆಟ್ಟಗಳ ಸಾಲು, ಸಿದ್ಧರಬೆಟ್ಟ ಯಾವುದು, ಚನ್ನರಾಯನದುರ್ಗ ಯಾವುದು ಅಂತ ಅಪ್ಪ ಅಮ್ಮನ ಮಧ್ಯೆ ವಾದ. ಭಾನುವಾರ, ಗುಡಿಗೆ ಬಂದವರು ಏರಿ ಮೇಲೆಲ್ಲ ಓಡಾಡ್ತಿದ್ರು. ಅವರೆಲ್ಲರ ಎದುರಿಗೇ ಅಮ್ಮ ಕುರ್ಚಿ ಬಿಡಿಸಿ ಹಾಕಿದ್ಲು, ಅಪ್ಪನ್ನ ಕರೆದು ಕೂರಿಸಿದ್ಲು.

ಕಡಲೆಕಾಯಿ ಸಿಪ್ಪೆ ಹಾಕೋಕೆ ಏನಾದ್ರೂ ಕೊಡು ಅಂದ್ಲು. ನಾನು ಫ್ಲಾಸ್ಕ್ ತರೋಕೆ ಹೋಗಿದ್ದೆ, ಅಷ್ಟರಲ್ಲಿ ಅವಳೇ ಗ್ಲವ್ ಬಾಕ್ಸ್ ತೆಗೆದು ನೋಡಿದಾಳೆ. ವಾಪಸ್ ಬಂದಾಗ ಬ್ರೋಷರ್ರು ಅಮ್ಮನ ತೊಡೆ ಮೇಲೆ, ಅದರ 11ನೇ ಮಹಡಿ ಬಾಲ್ಕನಿ ಮೇಲೆ ಸಿಪ್ಪೆ ಗುಡ್ಡೆ.

"ಚೆನ್ನಾಗಿದೆ ಕಾಗದ, ದಪ್ಪ ಇದೆ" ಅಂದ್ಲು. ನನ್ನ ಮುಖ ನೋಡ್ಲಿಲ್ಲ. ಅಪ್ಪ ಬಗ್ಗಿ ಸಿಪ್ಪೆ ಸರಿಸಿ ಬೆಲೆ ಓದಿ, ಮತ್ತೆ ಸಿಪ್ಪೆ ಮುಚ್ಚಿದ್ರು.

ನಾನು ಏನೂ ಹೇಳ್ಲಿಲ್ಲ. ಸ್ಟೆಂಟು, ಮಂಡಿ, ಆಸ್ಪತ್ರೆ, ಎಲ್ಲ ಇನ್ನೂ ಹಾಗೇ ಇದೆ. ಅದನ್ನ ಮಾತಾಡ್ಲೇಬೇಕು, ಗೊತ್ತು. ಆದ್ರೆ ಅವತ್ತು ಆ ಎರಡು ಕುರ್ಚಿ ಹಿಂದೆ ನಿಂತು ಬಾಯಿ ತೆಗೆಯೋಕೆ ಆಗ್ಲಿಲ್ಲ.

ಕತ್ತಲಾಗೋವರೆಗೂ ಕೂತಿದ್ದು ಹೊರಟ್ವಿ. ಕುರ್ಚಿ ಮಡಚೋಕೆ ಬರ್ದೇ ಅಪ್ಪ ಬೆರಳು ಸಿಕ್ಕಿಸ್ಕೊಂಡ್ರು. ಕಾರಲ್ಲಿ ಶಿರಾದ ಮಾತು ಬಂತು. 1651ರ ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ, ಕಗ್ಗಲಡುವಿನ ಹುಣಸೆ ಮರದ ಮೇಲೆ ಗೂಡು ಕಟ್ಟೋ ಬಣ್ಣದ ಕೊಕ್ಕರೆ, ಎಲ್ಲ ಅಪ್ಪ ಶುರು ಮಾಡಿದ್ರು. ಅಮ್ಮ ಅರ್ಧಕ್ಕೇ ತಡೆದು, "ಅದೆಲ್ಲ ಇರ್ಲಿ, ಶಿರಾದಲ್ಲಿ ನಿಮ್ಮ ರೂಮು ಎಲ್ಲಿತ್ತು?" ಅಂತ ಕೇಳಿದ್ಲು.

ಶಿವರಾತ್ರಿಗೆ ಶಿರಾ ಅಂತ ಆಗಿದೆ. ಕುರ್ಚಿ ಊರಲ್ಲೇ ಬಿಟ್ಟು ಬಂದಿದೀನಿ. ಮೊನ್ನೆ ಫೋನ್ ಮಾಡಿದಾಗ ಅಕ್ಕ ಹೇಳಿದ್ಲು, ಸಾಯಂಕಾಲ ಎರಡನ್ನೂ ತಾರಸಿ ಮೇಲೆ ಬೆಟ್ಟದ ಕಡೆಗೆ ತಿರುಗಿಸಿ ಹಾಕ್ಕೋತಾರಂತೆ.